ಕೆರೆ, ಕಾಡು, ಹಕ್ಕಿ: ಕೂಡಿ ಉಳಿಸುವ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಸಮಿತಿ, ಹಕ್ಕಿ ಬಳಗ, ಗ್ರಾಮ ಅರಣ್ಯ ಸಮಿತಿಗಳ ಸಭೆಯಲ್ಲಿ ವೇದಿಕೆಯತ್ತ ಯಾರೂ ಪ್ರಶ್ನೆ ಎಸೆಯುವುದಿಲ್ಲ. ಸಭೆ ಮುಗಿದು ಕಾಫಿ ಲೋಟ ಕೈಗೆ ಬಂದಾಗ ಒಂದೊಂದಾಗಿ ಹೊರಬರುತ್ತವೆ. ಅಂಥ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇವೆ. ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು. ಕೊಕ್ಕರೆಬೆಳ್ಳೂರಿನ ವಿಷಯಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಬೇಕಾಯಿತು.

ಅರಣ್ಯ ಇಲಾಖೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಕಾನೂನೂ ಇದೆ. ಊರವರು, ಸಂಘದವರು, ಸಂಶೋಧಕರು ಎಲ್ಲ ಯಾಕೆ ಸೇರಬೇಕು?

ಒಂದು ಕೆರೆಯನ್ನೇ ನೋಡಿ. ಕೆರೆಯಂಗಳ ಒಂದು ಇಲಾಖೆಯದ್ದು. ಅದಕ್ಕೆ ನೀರು ತರುವ ಕಾಲುವೆ ಇನ್ನೊಂದರದ್ದು, ಕಾಲುವೆಗೆ ನುಗ್ಗುವ ಒಳಚರಂಡಿ ಮತ್ತೊಂದರದ್ದು. ಮೀನು ಹಿಡಿಯುವ ಹಕ್ಕಿನ ಹರಾಜು ಬೇರೆ ಕಚೇರಿಯಲ್ಲಿ, ಒತ್ತುವರಿಯ ಸರ್ವೆ ತಹಶೀಲ್ದಾರರ ಬಳಿ. ಯಾರ ಫೈಲೂ ತಪ್ಪಿಲ್ಲ, ಆದರೂ ಕೆರೆ ಸಾಯುತ್ತದೆ. ಈ ಐದೂ ಕಚೇರಿಯ ಮೆಟ್ಟಿಲು ಹತ್ತುವವರು ಕೆರೆಯ ಪಕ್ಕದಲ್ಲಿ ವಾಸಿಸುವವರು ಮಾತ್ರ.

ಇನ್ನೊಂದು ಕಾರಣವಿದೆ, ನಮ್ಮ ಪ್ರಕಾರ ಅದೇ ದೊಡ್ಡದು. ಏನನ್ನೇ ಉಳಿಸಲು ಹೊರಟರೂ ಯಾರಿಗೋ ಒಬ್ಬರಿಗೆ ನಷ್ಟವಾಗುತ್ತದೆ. ಹಕ್ಕಿ ಉಳಿದರೆ ಮರದ ಮಾಲೀಕನ ಫಸಲು ಹೋಯಿತು. ಆನೆ ಉಳಿದರೆ ಕಾಡಂಚಿನ ಗದ್ದೆಯ ಭತ್ತ ಹೋಯಿತು. ಕೆರೆಗೆ ಬೇಲಿ ಬಿದ್ದರೆ ದನದ ಮೇವು ಹೋಯಿತು. ಸಂರಕ್ಷಣೆಯ ಸಂತೋಷ ಎಲ್ಲರಿಗೂ, ಖರ್ಚು ಮಾತ್ರ ಒಬ್ಬನ ತಲೆಗೆ ಎಂದಾದರೆ ಆ ಕೆಲಸ ಹೆಚ್ಚು ದಿನ ಬಾಳುವುದಿಲ್ಲ. ಸಹಯೋಗ ಎಂದು ನಾವು ಕರೆಯುವುದು ಈ ನಷ್ಟವನ್ನು ಹಂಚಿಕೊಳ್ಳುವ ಏರ್ಪಾಡನ್ನು. ಬ್ಯಾನರ್ ಹಿಡಿದು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನಲ್ಲ.

ಎಲ್ಲರೂ ಕೊಕ್ಕರೆಬೆಳ್ಳೂರಿನ ಉದಾಹರಣೆ ಕೊಡುತ್ತಾರೆ. ಅಲ್ಲಿ ನಡೆದದ್ದಾದರೂ ಏನು?

ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಗೆ ಹನ್ನೆರಡು ಕಿ.ಮೀ. ಆಸುಪಾಸು, ಶಿಂಷಾ ನದಿಗೆ ಹತ್ತಿರ. ಪಕ್ಷಿಧಾಮ ಎಂದುಕೊಂಡು ಹೋದವರು ಗೇಟು, ದೋಣಿ, ದ್ವೀಪ ಹುಡುಕುತ್ತಾರೆ. ಅದೇನೂ ಅಲ್ಲಿಲ್ಲ. ಇರುವುದು ಸಾಮಾನ್ಯ ಹಳ್ಳಿ. ಮನೆಯ ಹಿತ್ತಲಲ್ಲಿ, ಬೀದಿಯ ಅಂಚಿನಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ಹುಣಸೆ, ಅರಳಿ ಮರಗಳು. ಅವುಗಳ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಚಳಿಗಾಲಕ್ಕೆ ಬರುವ ಹಕ್ಕಿಗಳು ಮರಿ ಮಾಡಿ, ಬೆಳೆಸಿ, ಬೇಸಿಗೆ ಮುಗಿಯುವಷ್ಟರಲ್ಲಿ ಹೊರಡುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದು ಊರವರು ಹೇಳುವುದನ್ನು ನೀವೂ ಕೇಳಿರಬಹುದು. ಹಿಂದೆ ಪ್ಲೇಗ್ ಬಂದು ಊರು ಹೊಳೆಯ ದಂಡೆಯಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಹಿರಿಯರು ಹೇಳುವ ಕತೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರಿನ ಗೂಡುಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು.

ಇಲ್ಲಿಯವರೆಗೆ ಎಲ್ಲ ಲೇಖನಗಳೂ ಬರೆಯುತ್ತವೆ. ಹುಣಸೆ ಮರದ ಲೆಕ್ಕ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಹುಣಸೆ ಹಣ್ಣು ಬಡಿಯುವುದು ಬೇಸಿಗೆ ಶುರುವಾಗುವ ಹೊತ್ತಿಗೆ. ಗೂಡಿನಲ್ಲಿ ಮರಿ ಇರುವುದೂ ಅದೇ ಹೊತ್ತಿಗೆ. ಮರ ಹತ್ತಿ ಕೊಂಬೆ ಅಲುಗಿಸಿದರೆ ಮರಿ ಕೆಳಗೆ ಬೀಳುತ್ತದೆ. ಅಲುಗಿಸದೇ ಬಿಟ್ಟರೂ ಹಿಕ್ಕೆ ಬಿದ್ದು ಎಲೆ ಬೆಳ್ಳಗಾಗಿ, ಕಾಯಿ ಹಾಳಾಗಿ, ಮರದ ಕೆಳಗೆಲ್ಲ ಅರೆ ಜೀರ್ಣವಾದ ಮೀನಿನ ವಾಸನೆ. ಒಂದು ಹುಣಸೆ ಮರದ ಫಸಲು ಸಣ್ಣ ರೈತನ ಮನೆಗೆ ಒಂದು ಖರ್ಚು ತೂಗಿಸುವ ದುಡ್ಡು. ಅದು ಪೂರ್ತಿ ಹೋಯಿತು. ಹಿಕ್ಕೆ ಒಳ್ಳೆಯ ಗೊಬ್ಬರ, ಹಿಂದೆ ಮರದ ಕೆಳಗೆ ಗುಂಡಿ ತೋಡಿ ಅದನ್ನು ಸಂಗ್ರಹಿಸಿ ಗದ್ದೆಗೆ ಹಾಕುತ್ತಿದ್ದರು. ಚೀಲದ ಗೊಬ್ಬರ ಬಂದ ಮೇಲೆ ಆ ಲಾಭಕ್ಕೂ ಬೆಲೆ ಕಡಿಮೆಯಾಯಿತು. ಹೊಸ ತಲೆಮಾರಿಗೆ ಮನೆ ಕಟ್ಟಲು ಜಾಗ ಬೇಕು, ಇಟ್ಟಿಗೆ ಸುಡಲು ಸೌದೆ ಬೇಕು. ಮರಗಳು ಉರುಳತೊಡಗಿದವು. ಭಕ್ತಿ, ಪ್ರೀತಿ ಇದ್ದ ಊರಲ್ಲೇ ಹೀಗೆ.

ಆಗ ಮೂರು ಕಡೆಯವರು ಕೂಡಿದರು. ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ವರ್ಷಕ್ಕೆ ಇಷ್ಟು ಎಂದು ಪರಿಹಾರ ಕೊಡುವ ಪದ್ಧತಿ ತಂದಿತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡ ಕೆ. ಮನು ಅವರ ಮುಂದಾಳತ್ವದಲ್ಲಿ ಊರಿನ ಜೊತೆ ಕೆಲಸ ಶುರು ಮಾಡಿತು. ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಹೆಜ್ಜಾರ್ಲೆಯ ಗೂಡು ಇಕ್ಕಟ್ಟಿನದು, ಗಾಳಿ ಬೀಸಿದರೆ, ಮರಿಗಳು ಜಗಳಾಡಿದರೆ ಒಂದಲ್ಲ ಒಂದು ಕೆಳಗೆ ಬೀಳುತ್ತದೆ. ಬಿದ್ದ ಮರಿಗೆ ತಾಯಿ ಮತ್ತೆ ಉಣಿಸುವುದಿಲ್ಲ, ನಾಯಿಯ ಬಾಯಿಗೆ ಹೋಗುತ್ತದೆ. ಬಳಗದವರು ಅಂಥ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿ ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಜಗತ್ತಿನ ಬೇರೆಡೆಯ ಹೆಜ್ಜಾರ್ಲೆಗಳ ಲೆಕ್ಕವೂ ಸುಧಾರಿಸಿ, ಅದೇ ವರ್ಷ ಈ ಹಕ್ಕಿಯನ್ನು ಜೀವಿಗಳ ಅಳಿವಿನ ಅಪಾಯ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗಕ್ಕೆ ಸರಿಸಿದರು.

ಸಮುದಾಯ ಮೀಸಲು ಎಂದರೆ ಸರ್ಕಾರ ನಮ್ಮ ಜಮೀನು ತೆಗೆದುಕೊಳ್ಳುತ್ತದೆಯೇ?

ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಖಾಸಗಿ ಅಥವಾ ಸಮುದಾಯದ ಜಮೀನು, ಮಾಲೀಕರು ತಾವಾಗಿ ಮುಂದೆ ಬಂದರೆ ಮಾತ್ರ. ಖಾತೆ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಕನಿಷ್ಠ ಐವರು, ಇಲಾಖೆಯ ಪ್ರತಿನಿಧಿ ಒಬ್ಬರು. ಆ ಅನುಪಾತವನ್ನು ಗಮನಿಸಿ. ಆದರೆ ಒಂದು ಕಟ್ಟುಪಾಡು ಇದೆ: ಒಮ್ಮೆ ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಎರಡೂ ಬೇಕು. ಸಹಿ ಹಾಕುವ ಮೊದಲು ಮನೆಮಂದಿಯ ಜೊತೆ ಈ ಮಾತನ್ನು ಆಡಿಕೊಳ್ಳಿ. ಮಗ ಅಲ್ಲಿ ಮನೆ ಕಟ್ಟುವ ಯೋಚನೆಯಲ್ಲಿದ್ದರೆ ಜಗಳ ಆಮೇಲೆ ಬರುತ್ತದೆ.

ಪರಿಹಾರದ ಹಣ ಕೊಟ್ಟುಬಿಟ್ಟರೆ ಮುಗಿಯಿತಲ್ಲ? ಇಷ್ಟೊಂದು ಸಭೆ, ಸಂಘ ಯಾಕೆ?

ಹಣ ಬೇಕೇ ಬೇಕು. ‘ನಮ್ಮ ಜನ ದುಡ್ಡಿಗಾಗಿ ಮಾಡುವುದಿಲ್ಲ’ ಎಂದು ಭಾಷಣ ಮಾಡುವವರಿಗೆ ಸಾಮಾನ್ಯವಾಗಿ ಹುಣಸೆ ಮರ ಇರುವುದಿಲ್ಲ. ಆದರೆ ಹಣವೊಂದರಿಂದಲೇ ಆಗದ ಕೆಲಸಗಳಿವೆ. ಪರಿಹಾರದ ಮೊತ್ತ ಒಮ್ಮೆ ನಿಗದಿಯಾದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ, ಹುಣಸೆಯ ಮಾರುಕಟ್ಟೆ ದರ ಹಾಗೆ ಕಾಯುವುದಿಲ್ಲ. ಚೆಕ್ಕು ತಡವಾಗುತ್ತದೆ. ಮರ ಅಣ್ಣನ ಹೆಸರಲ್ಲಿ, ಹಿಕ್ಕೆ ಬೀಳುವುದು ತಮ್ಮನ ಅಂಗಳದಲ್ಲಿ ಎಂದಾದಾಗ ಯಾರಿಗೆ ಕೊಡಬೇಕು? ಇಂಥದ್ದನ್ನು ಜಿಲ್ಲಾ ಕೇಂದ್ರದ ಕಚೇರಿ ಬಗೆಹರಿಸಲಾರದು. ಊರಲ್ಲಿ ಕೂತು ಮಾತಾಡುವ ಒಂದು ಕೂಟ ಬೇಕು. ಆ ಕೂಟದ ಮಾತಿಗೆ ಕಚೇರಿಯಲ್ಲಿ ಬೆಲೆಯೂ ಇರಬೇಕು.

ಊರೆಲ್ಲ ಒಂದಾಗಿದ್ದರೂ 2017–18ರಲ್ಲಿ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸತ್ತವಲ್ಲ?

ಹೌದು, ಆ ಗೂಡುಕಟ್ಟುವ ಋತುವಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಅಂಥ ಹುಳು ಹಕ್ಕಿಯ ಒಳಗೆ ಸೇರುವುದು ತಿಂದ ಮೀನಿನ ಮೂಲಕ. ಮೀನು ಬರುವುದು ಸುತ್ತಲಿನ ಕೆರೆಗಳಿಂದ. ಅಂದರೆ ಗೂಡು ಕಾಯ್ದವರು ಒಂದು ಊರಿನವರು, ಹಕ್ಕಿಯ ಊಟದ ತಟ್ಟೆ ಇನ್ನೂ ಹತ್ತಾರು ಊರುಗಳ ಕೆರೆಗಳಲ್ಲಿ ಹರಡಿಕೊಂಡಿದೆ. ಆ ಕೆರೆಗಳ ಪಂಚಾಯಿತಿ, ಮೀನುಗಾರಿಕೆ ಗುತ್ತಿಗೆದಾರರು, ಮೇಲ್ಗಡೆಯಿಂದ ಕೊಳಕು ನೀರು ಬಿಡುವ ಪಟ್ಟಣಗಳು ಯಾರೂ ಹೆಜ್ಜಾರ್ಲೆಯ ಮಾತುಕತೆಯಲ್ಲಿ ಇರಲಿಲ್ಲ. ಸಹಯೋಗದ ಗಡಿಯನ್ನು ನಾವು ಊರಿನ ಗಡಿಯಂತೆ ಎಳೆದಿದ್ದೆವು, ಹಕ್ಕಿಯ ಗಡಿ ಬೇರೆಯದಿತ್ತು. ಪಶುವೈದ್ಯರೂ ಇಂಥ ಬಳಗದಲ್ಲಿ ಮೊದಲ ದಿನದಿಂದ ಇರಬೇಕು ಎಂಬುದೂ ಆಗಲೇ ಹಲವರಿಗೆ ಹೊಳೆದದ್ದು.

ನಮ್ಮ ಊರಿನ ಕೆರೆ ಉಳಿಸಬೇಕು. ಎಲ್ಲಿಂದ ಶುರು ಮಾಡಲಿ?

ಸಲಿಕೆ ತೆಗೆದುಕೊಳ್ಳುವ ಮೊದಲು ಕೆರೆ ಯಾರದ್ದು ಎಂದು ತಿಳಿದುಕೊಳ್ಳಿ. ಸ್ಥೂಲವಾಗಿ ಹೇಳುವುದಾದರೆ, 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಯವು. ನಗರದೊಳಗಾದರೆ ಪಾಲಿಕೆ, ಕೆಲವೆಡೆ ಅರಣ್ಯ ಇಲಾಖೆ. ಕೆರೆಯ ಸರ್ವೆ ನಕ್ಷೆ, ಗ್ರಾಮ ನಕ್ಷೆ ತೆಗೆಸಿ. ಕಾಲುವೆಗಳನ್ನು ಕಾಲ್ನಡಿಗೆಯಲ್ಲೇ ಹಿಂಬಾಲಿಸಿ ನೋಡಿ, ನೀರು ಎಲ್ಲಿಂದ ಬರಬೇಕಿತ್ತು, ಎಲ್ಲಿ ನಿಂತಿತು ಎಂದು. ಬಹುತೇಕ ಕೆರೆಗಳ ರೋಗ ಕೆರೆಯೊಳಗಿಲ್ಲ, ಒಂದು ಕಿ.ಮೀ. ಮೇಲೆ ಮುಚ್ಚಿಹೋದ ಕಾಲುವೆಯಲ್ಲಿದೆ.

ಆಮೇಲೆ ಊರಿನ ನೀರುಗಂಟಿಯನ್ನು, ಅವರಿಲ್ಲದಿದ್ದರೆ ಅವರ ಮನೆಯವರನ್ನು ಹುಡುಕಿ. ತೂಬು ಎತ್ತುವುದು, ಯಾವ ಗದ್ದೆಗೆ ಯಾವಾಗ ನೀರು, ಬರದ ವರ್ಷ ಯಾರ ಪಾಲು ಎಷ್ಟು ಕಡಿಮೆಯಾಗಬೇಕು ಎಂಬ ಲೆಕ್ಕವೆಲ್ಲ ಒಂದು ಕಾಲಕ್ಕೆ ಅವರ ಕೈಯಲ್ಲಿತ್ತು. ಆ ನಕ್ಷೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಕೆರೆ ಅಭಿವೃದ್ಧಿ ಎಂದರೆ ವಾಕಿಂಗ್ ಪಾತ್, ಬೇಲಿ, ಗೇಟು. ನಮ್ಮಂಥ ದನ ಸಾಕುವವರಿಗೆ ಏನು ಸಿಗುತ್ತದೆ?

ಈ ಪ್ರಶ್ನೆ ಕೇಳಿದಾಗ ಸಮಿತಿಯ ಸದಸ್ಯರಲ್ಲಿ ಹಲವರು ಚಪ್ಪಲಿ ನೋಡಿಕೊಳ್ಳುತ್ತಾರೆ. ನಗರಗಳಲ್ಲಿ ‘ನಾಗರಿಕರ ಸಹಭಾಗಿತ್ವ’ ಎಂಬುದು ಎಷ್ಟೋ ಸಲ ಅಪಾರ್ಟ್‌ಮೆಂಟಿನವರ ಸಹಭಾಗಿತ್ವ. ಬೆಳಿಗ್ಗೆ ನಡೆಯುವವರಿಗೆ ಕೆರೆ ತೆರೆದಿರುತ್ತದೆ, ಮಧ್ಯಾಹ್ನ ಹುಲ್ಲು ಕೊಯ್ಯುವವಳಿಗೆ ಬೀಗ.

ಬೇರೆ ರೀತಿಯಲ್ಲೂ ಮಾಡಬಹುದು ಎಂಬುದಕ್ಕೆ ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ನೋಡಬಹುದು. 48 ಎಕರೆಯ ಆಸುಪಾಸಿನ ಕೆರೆ. 2009ರ ಹೊತ್ತಿಗೆ ಪುನಶ್ಚೇತನ ಶುರುವಾದಾಗ ನಿವಾಸಿಗಳು, ಪರಿಸರ ತಜ್ಞರು, ಆಗಿನ ಬಿಬಿಎಂಪಿ ಎಂಜಿನಿಯರುಗಳು ಒಂದೇ ಮೇಜಿಗೆ ಬಂದರು. ಮುಂದೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಂಸ್ಥೆ ಎಂಬ ಟ್ರಸ್ಟ್ ಆಯಿತು. ಕೆರೆಯಂಚಿನಲ್ಲಿ ಹುಲ್ಲು ಕೊಯ್ಯುವವರನ್ನು ಅಲ್ಲಿ ಹೊರಗೆ ಹಾಕಲಿಲ್ಲ. ಗಣೇಶ ವಿಸರ್ಜನೆಗೆ ಬೇರೆ ಕಲ್ಯಾಣಿ ಮಾಡಿದರು. ಕೆರೆ ಹಬ್ಬ ನಡೆಯಿತು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳೂ ಬಂದರು. ಎಲ್ಲವೂ ಸರಿಹೋಯಿತು ಎಂದಲ್ಲ, ಮೇಲ್ಗಡೆಯಿಂದ ಬರುವ ಕೊಳಚೆಯ ಜೊತೆ ಅಲ್ಲಿಯವರ ಗುದ್ದಾಟ ಮುಗಿಯುವಂಥದ್ದಲ್ಲ. ಆದರೆ ‘ಈ ಕೆರೆಯ ಹುಲ್ಲು ಯಾರಿಗೆ’ ಎಂಬ ಮಾತು ಅಲ್ಲಿ ಸಭೆಗೆ ಬಂತು.

ನಿಮ್ಮೂರಲ್ಲೂ ಮೊದಲ ಸಭೆಗೆ ದನ ಮೇಯಿಸುವವರು, ಮಡಿವಾಳರು, ಮೀನು ಹಿಡಿಯುವವರು, ಕೆಳ ಅಚ್ಚುಕಟ್ಟಿನ ರೈತರು ಬರಬೇಕು. ಸಭೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಅವರು ಬರಲಾರರು, ಆಗ ಅವರಿಗೆ ಕೆಲಸದ ಹೊತ್ತು.

ಕೆರೆಗೆ ಚರಂಡಿ ನೀರೇ ಬರುತ್ತಿದೆ. ಅದನ್ನು ತಡೆದರೆ ಕೆರೆ ಒಣಗುತ್ತದೆ. ಏನು ಮಾಡುವುದು?

ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ ನೋಡಿ ಬನ್ನಿ. ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿದ ನೀರು ಮೊದಲು ಜೊಂಡು, ಆಪು ಬೆಳೆದ ಜೌಗಿನ ಮೂಲಕ ಸಾಗಿ, ಅಲ್ಲಿ ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಘಟಕ ಜಲಮಂಡಳಿಯದ್ದು, ಕೆರೆಯ ಉಸ್ತುವಾರಿ ಪಾಲಿಕೆಯದ್ದು, ನೀರಿನ ಗುಣಮಟ್ಟ ಅಳೆದು ಗಲಾಟೆ ಮಾಡುವವರು ಜಲಪೋಷಣ ಎಂಬ ಸ್ಥಳೀಯ ಬಳಗದವರು ಮತ್ತು ಸಂಶೋಧಕರು. ಗಲಾಟೆ ಮಾಡುವವರನ್ನು ಕಳೆದರೆ ಉಳಿದ ಇಬ್ಬರೂ ಆರು ತಿಂಗಳಲ್ಲಿ ಮರೆಯುತ್ತಾರೆ ಎಂಬುದು ನಮ್ಮ ಅನುಮಾನ.

ಇಲಾಖೆಯೇ ತಪ್ಪು ಮಾಡುತ್ತಿದ್ದರೆ? ಪ್ರತಿಭಟಿಸಿದರೆ ಸಹಯೋಗ ಕೆಟ್ಟಂತೆ ಅಲ್ಲವೇ?

ಅಪ್ಪಿಕೋ ಚಳವಳಿಯನ್ನು ನೆನಪಿಸಿಕೊಳ್ಳಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಕಡಿಯುತ್ತಿದ್ದುದು ಕಳ್ಳರಲ್ಲ, ಇಲಾಖೆಯ ಅನುಮತಿ ಪಡೆದ ಗುತ್ತಿಗೆದಾರರು. ಬಗೆಬಗೆಯ ಮರಗಳ ಕಾಡು ಬೋಳಾಗಿ ಸಾಗವಾನಿಯ ಸಾಲು ಏಳುವುದನ್ನು ಜನ ಕಣ್ಣಾರೆ ಕಂಡಿದ್ದರು. ಆ ಜನರಲ್ಲಿ ಅಡಿಕೆ ಬೆಳೆಗಾರರಿದ್ದರು, ಅವರ ತೋಟಕ್ಕೆ ಸೊಪ್ಪು ಬರುವುದು ಬೆಟ್ಟದಿಂದ. ಕೂಲಿಯವರಿದ್ದರು, ಜೇನು, ಮುರುಗಲು, ಸೌದೆಗೆ ಕಾಡನ್ನೇ ನಂಬಿದವರಿದ್ದರು. ಪಾಂಡುರಂಗ ಹೆಗಡೆಯವರಂಥ ಕಾರ್ಯಕರ್ತರು, ಯುವಕ ಮಂಡಳಿಗಳು, ಮಹಿಳೆಯರು ಎಲ್ಲ ಸೇರಿದ್ದರು. ಸ್ವಾರ್ಥ ಬೇರೆಬೇರೆ, ಮರ ಒಂದೇ.

ಅಲ್ಲಿಂದ ಹೊರಟ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮೂರನೆಯ ಶಬ್ದವನ್ನು ನಗರದ ಪರಿಸರವಾದಿಗಳು ಆಗಾಗ ನುಂಗಿಬಿಡುತ್ತಾರೆ. ಬಳಕೆಯ ಹಕ್ಕನ್ನೂ ಸೇರಿಸಿ ಮಾತಾಡಿದ್ದರಿಂದಲೇ ಊರು ಆ ಚಳವಳಿಯ ಜೊತೆ ನಿಂತಿತು. ಮುಂದಿನ ವರ್ಷಗಳಲ್ಲಿ ಪಶ್ಚಿಮಘಟ್ಟದ ಸ್ವಾಭಾವಿಕ ಕಾಡಿನಲ್ಲಿ ಹಸಿ ಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಿತು. 1993ರಲ್ಲಿ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಹತ್ತು ವರ್ಷದ ಹಿಂದೆ ಎದುರುಬದುರು ನಿಂತ ಇಲಾಖೆ ಮತ್ತು ಊರವರು ಒಂದೇ ಸಮಿತಿಯ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಂತಾಯಿತು. ಎದುರಿಸುವ ತಾಕತ್ತಿಲ್ಲದವರ ಜೊತೆ ಯಾವ ಇಲಾಖೆಯೂ ಸಮಾನವಾಗಿ ಕೂರುವುದಿಲ್ಲ.

ಗ್ರಾಮ ಅರಣ್ಯ ಸಮಿತಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ಎಲ್ಲ ಕಾಗದದ ಮೇಲಷ್ಟೇ ಇವೆಯಲ್ಲ?

ಬಹಳ ಕಡೆ ನಿಜ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲೂ ಇರುತ್ತದೆ, ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿರಲಿಕ್ಕಿಲ್ಲ. ಪಿಡಿಒ ಬಳಿ ಹೋಗಿ ಸದಸ್ಯರ ಪಟ್ಟಿ ಮತ್ತು ಜನತಾ ಜೀವವೈವಿಧ್ಯ ದಾಖಲೆ ಕೇಳಿ. ದಾಖಲೆ ಸಿಕ್ಕರೆ ಓದಿ ನೋಡಿ: ಪಕ್ಕದ ಪಂಚಾಯಿತಿಯದ್ದನ್ನು ನಕಲು ಮಾಡಿದ್ದಾರೋ, ನಿಮ್ಮೂರಿನ ಮರ, ಮೀನು, ರಾಗಿ ತಳಿಗಳೇ ಇವೆಯೋ.

ಸತ್ತ ಸಮಿತಿಗೆ ಜೀವ ಕೊಡುವುದು ಹೊಸ ಸಂಘ ಕಟ್ಟುವುದಕ್ಕಿಂತ ಎಷ್ಟೋ ಸಲ ಸುಲಭ, ಯಾಕೆಂದರೆ ಕಾನೂನಿನ ಬಲ ಆಗಲೇ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ಇದೇ ಕಾಯ್ದೆಯಡಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

‘ಸ್ಥಳೀಯರ ಜ್ಞಾನ’ ಎಂದು ಎಲ್ಲರೂ ಹೇಳುತ್ತಾರೆ. ಅದು ಮರ್ಯಾದೆಗೆ ಹೇಳುವ ಮಾತೋ, ನಿಜಕ್ಕೂ ಉಪಯೋಗವಿದೆಯೋ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಕೇಳಿ. ಹಿಂದೆ ಅವರು ವರ್ಷದ ಒಂದು ಹೊತ್ತಿನಲ್ಲಿ ಕಾಡಿನ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ. ಮಂಡಿಯೆತ್ತರಕ್ಕೂ ಏರದೆ ಸರಸರ ಸಾಗಿಬಿಡುವ ಬೆಂಕಿ. 1974ರಲ್ಲಿ ವನ್ಯಧಾಮವಾದ ಮೇಲೆ ಬೆಂಕಿ ಅಪರಾಧವಾಯಿತು, ಜನರನ್ನೂ ಪೋಡುಗಳಿಂದ, ಅಂದರೆ ಕಾಡೊಳಗಿನ ಅವರ ಹಾಡಿಗಳಿಂದ, ಎಬ್ಬಿಸಿ ಬೇರೆಡೆ ನೆಲೆಗೊಳಿಸಿದರು. ಬರಬರುತ್ತಾ ಕಾಡಿನ ತಳವನ್ನೆಲ್ಲ ಲಂಟಾನ ಎಂಬ ಕಳೆಗಿಡ ಆವರಿಸಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹೆಚ್ಚಿತು ಎಂದು ಸೋಲಿಗರು ಹೇಳುತ್ತಲೇ ಬಂದರು. ನೆಲ್ಲಿ ಮರಗಳಿಗೆ ಹತ್ತುವ ಬದನಿಕೆ ಎಂಬ ಪರಾವಲಂಬಿ ಗಿಡವನ್ನು ಅವರು ಉಪ್ಪಿಲು ಎನ್ನುತ್ತಾರೆ. ಉಪ್ಪಿಲು ಹಿಡಿದ ಮರ ಕಾಯಿ ಕಡಿಮೆ ಬಿಟ್ಟು ಕ್ರಮೇಣ ಒಣಗುತ್ತದೆ. ಅದಕ್ಕೂ ತರಗು ಬೆಂಕಿಯ ಶಾಖವೇ ಮದ್ದಾಗಿತ್ತು ಎಂಬುದು ಅವರ ಮಾತು.

ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಕೂತು ನೆಲ್ಲಿ ಮರಗಳನ್ನು ವರ್ಷಗಟ್ಟಲೆ ಅಳೆದರು. ನೆಲ್ಲಿ ಕಡಿಮೆಯಾಗಲು ಕಾಯಿ ಕೀಳುವವರೇ ಕಾರಣ ಎಂಬ ಸರಳ ದೂರು ನಿಲ್ಲಲಿಲ್ಲ. ಬದನಿಕೆ, ಲಂಟಾನಗಳ ಪಾಲು ದೊಡ್ಡದಾಗಿ ಕಂಡಿತು. ಒಬ್ಬರ ಬಳಿ ತಲೆಮಾರುಗಳ ನೋಟ ಇತ್ತು, ಇನ್ನೊಬ್ಬರ ಬಳಿ ಅಳತೆಪಟ್ಟಿ ಇತ್ತು. ಬೆಂಕಿಯ ವಿಷಯದಲ್ಲಿ ಇಲಾಖೆಯ ಹೆದರಿಕೆಗೂ ಅರ್ಥವಿದೆ ಎನ್ನಿ: ಈಗ ಆಳೆತ್ತರ ಲಂಟಾನ ಒಣಗಿ ನಿಂತ ಕಾಡಿಗೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಅದಕ್ಕೇ ಮೂರೂ ಕಡೆಯವರು ಒಟ್ಟಿಗೆ ಕೂರಬೇಕಾಗುತ್ತದೆ.

2011ರಲ್ಲಿ ಆ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಹಾಗಾದದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಕೈಯಲ್ಲಿದ್ದವನು ಸಭೆಯಲ್ಲಿ ಮಾತಾಡುವ ಧಾಟಿಯೇ ಬೇರೆ.

ಆನೆ ಹಾವಳಿಯಲ್ಲಿ ಸಹಯೋಗ ಏನು ಮಾಡೀತು? ಆನೆಗೆ ಸಭೆ ಅರ್ಥವಾಗುವುದಿಲ್ಲವಲ್ಲ.

ತಮಿಳುನಾಡಿನ ಆನೆಮಲೆ ಬೆಟ್ಟದ ವಾಲ್ಪಾರೈನಲ್ಲಿ ಮೈಸೂರು ಮೂಲದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಒಂದು ಸರಳ ಸಂಗತಿ ಗಮನಿಸಿತು. ಚಹಾ ತೋಟದ ನಡುವೆ ಆನೆಯಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲಿ ಆನೆ ಇದೆಯೆಂಬುದೇ ಗೊತ್ತಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ನಡೆಯುತ್ತಿದ್ದವರು ಎದುರಾಗಿಬಿಟ್ಟಿದ್ದರು. ಹಾಗಾಗಿ ಆನೆ ಇರುವ ಜಾಗದ ಸುದ್ದಿ ಸಂಜೆಯೊಳಗೆ ಎಸ್ಸೆಮ್ಮೆಸ್ಸಿನಲ್ಲಿ, ಲೋಕಲ್ ಟಿವಿಯ ಕೆಳಗಿನ ಪಟ್ಟಿಯಲ್ಲಿ ಬರುವಂತೆ ಮಾಡಿದರು. ದೂರಕ್ಕೆ ಕಾಣುವ ಕೆಂಪು ದೀಪಗಳನ್ನು ಆಯಕಟ್ಟಿನ ಜಾಗಗಳಲ್ಲಿ ನಿಲ್ಲಿಸಿದರು. ಆನೆ ಕಂಡವರು ಮೊಬೈಲಿನಿಂದ ಕರೆ ಮಾಡಿದರೆ ದೀಪ ಹೊತ್ತಿಕೊಳ್ಳುತ್ತದೆ. ದೀಪ ಹಚ್ಚುವ ಹೊಣೆ ತೋಟದ ಕಾರ್ಮಿಕರದ್ದೂ ಹೌದು, ಇಲಾಖೆಯವರದ್ದೂ ಹೌದು. ಸಾವುಗಳು ಗಣನೀಯವಾಗಿ ತಗ್ಗಿದವು. ಇದೇ ಮಾದರಿ ನಮ್ಮ ಹಾಸನದ ಆಲೂರು, ಸಕಲೇಶಪುರಕ್ಕೂ ಬಂದಿದೆ.

ಬೆಳೆ ನಷ್ಟ ಇದರಿಂದ ನಿಲ್ಲುವುದಿಲ್ಲ, ಅದು ಬೇರೆಯದೇ ಜಗಳ. ಜೀವ ಉಳಿದರೆ ಆ ಜಗಳವನ್ನು ಸಮಾಧಾನದಲ್ಲಿ ಆಡಬಹುದು.

ಮಠ, ಸಿನಿಮಾ ನಟರು, ಕಂಪನಿಗಳು ಮುಂದೆ ಬಂದರೆ ಸೇರಿಸಿಕೊಳ್ಳಬೇಕೇ?

ಸೇರಿಸಿಕೊಳ್ಳಿ, ಆದರೆ ಕೀಲಿಕೈ ಕೊಡಬೇಡಿ. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಹಿರೇಹಳ್ಳವನ್ನು ಸ್ವಚ್ಛ ಮಾಡಲು ಇಳಿದಾಗ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಉದ್ದದ ಹಳ್ಳದಲ್ಲಿ ಜನ, ಟ್ರ್ಯಾಕ್ಟರ್, ಜೆಸಿಬಿ ಎಲ್ಲ ತಾವಾಗಿ ಬಂದವು. ಯಾವ ಟೆಂಡರ್‌ನಿಂದಲೂ ಆಗದ ವೇಗ ಅದು. ಮಠ ಕರೆದರೆ ಒತ್ತುವರಿ ಮಾಡಿದವನೂ ಸುಮ್ಮನೆ ಹಿಂದೆ ಸರಿಯುತ್ತಾನೆ, ನೋಟಿಸಿಗೆ ಸರಿಯುವುದಿಲ್ಲ. ಇಂಥ ಕಡೆ ನಮ್ಮ ಸಣ್ಣ ತಕರಾರು ಯಂತ್ರದ ಬಗ್ಗೆ. ಹಳ್ಳವನ್ನು ಸಪಾಟಾಗಿ ಕೊರೆದರೆ ದಂಡೆಯ ಗಿಡಗಂಟೆ, ಮೀನು ಮೊಟ್ಟೆಯಿಡುವ ಮಡುಗಳು ಹೋಗಿಬಿಡುತ್ತವೆ. ಉತ್ಸಾಹದ ನಡುವೆ ಅದನ್ನು ಹೇಳಲು ಒಬ್ಬ ಜೀವಶಾಸ್ತ್ರಜ್ಞರು ಜೊತೆಗಿರಲಿ.

ಕಂಪನಿಗಳ ವಿಷಯಕ್ಕೆ ಬಂದರೆ, 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಿತಿ ದಾಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು, ಪರಿಸರವೂ ಅದರಲ್ಲಿದೆ. ಅವರ ಹಣ ಸಾಮಾನ್ಯವಾಗಿ ಮಾರ್ಚ್ ಒಳಗೆ ಖರ್ಚಾಗಬೇಕು. ಕೆರೆಯ ಕೆಲಸ ಮಳೆಗಾಲ ನೋಡಿಕೊಂಡು ನಡೆಯಬೇಕು. ಮೊದಲ ಮಾತುಕತೆಯಲ್ಲೇ ಐದು ವರ್ಷದ ನಿರ್ವಹಣೆಯ ದುಡ್ಡು ಕೇಳಿ. ಕಾವಲುಗಾರನ ಸಂಬಳ ಕೊಡಲು ಯಾರಿಗೂ ಮನಸ್ಸಿರುವುದಿಲ್ಲ, ಅದರ ಮೇಲೆ ಬೋರ್ಡು ಹಾಕಲು ಆಗುವುದಿಲ್ಲವಲ್ಲ.

ವನಮಹೋತ್ಸವದಿಂದ ಶುರು ಮಾಡಬಹುದೇ?

ಗಿಡ ನೆಡುವುದು ಜನ ಸೇರಿಸಲು ಸುಲಭ ದಾರಿ ನಿಜ. ಹುಲ್ಲುಗಾವಲಲ್ಲಿ, ಕೆರೆಯಂಗಳದಲ್ಲಿ, ಏರಿಯ ಮೇಲೆ ಮಾತ್ರ ಬೇಡ. ಕೃಷ್ಣಮೃಗ, ಎರ್ಲಡ್ಡು ಎಂಬ ದೊಡ್ಡ ಹುಲ್ಲುಗಾವಲು ಹಕ್ಕಿಯ ನೆಲೆಯನ್ನು ‘ಬಂಜರು’ ಎಂದುಕೊಂಡು ಮರ ತುಂಬಿಸಿದರೆ ಅವು ಹೋಗುತ್ತವೆ. ಏರಿಯ ಮೇಲಿನ ದೊಡ್ಡ ಮರದ ಬೇರು ಏರಿಯನ್ನೇ ಸಡಿಲಿಸುತ್ತದೆ. ಅನುಮಾನವಿದ್ದರೆ ಕುರಿಗಾಹಿಗಳನ್ನು ಕೇಳಿ.

ಸಂಘ ನೋಂದಣಿ ಕಡ್ಡಾಯವೇ?

ಶುರುವಿಗೆ ಬೇಡ. ಹಣ ಪಡೆಯುವ, ಇಲಾಖೆಯ ಜೊತೆ ಒಪ್ಪಂದ ಮಾಡಿಕೊಳ್ಳುವ ಹಂತಕ್ಕೆ ಬಂದಾಗ ಬೇಕಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಏಳೂ ಜನ ಒಂದೇ ಬೀದಿ, ಒಂದೇ ಜಾತಿಯವರಾಗಿದ್ದರೆ ನೋಂದಣಿ ಆಗುತ್ತದೆ, ಕೆಲಸ ಆಗುವುದಿಲ್ಲ.

ಬಿದ್ದ ಹಕ್ಕಿಮರಿ ಸಿಕ್ಕರೆ ನಾವೇ ಸಾಕಬಹುದೇ?

ಬೇಡ, ವನ್ಯಜೀವಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ.

ನಾನು ಊರಲ್ಲಿಲ್ಲ, ಹೊರರಾಜ್ಯದಲ್ಲೋ ಹೊರದೇಶದಲ್ಲೋ ಇದ್ದೇನೆ. ಏನು ಮಾಡಬಹುದು?

ನಕ್ಷೆ ಬಿಡಿಸುವುದು, ಹಳೆಯ ಉಪಗ್ರಹ ಚಿತ್ರ ಹೋಲಿಸಿ ಕೆರೆ ಎಷ್ಟು ಕುಗ್ಗಿತೆಂದು ತೋರಿಸುವುದು, ಮಾಹಿತಿ ಹಕ್ಕಿನಡಿ ಬಂದ ಕಡತಗಳನ್ನು ಓದಿ ಸಾರಾಂಶ ಬರೆಯುವುದು ಎಲ್ಲ ದೂರದಿಂದಲೇ ಆಗುವ ಕೆಲಸ, ಊರಲ್ಲಿರುವವರಿಗೆ ಬಿಡುವಿಲ್ಲದ ಕೆಲಸವೂ ಹೌದು. ರಜೆಗೆ ಜನವರಿಯಲ್ಲಿ ಬರುವವರಾದರೆ ಏಷ್ಯಾದ ನೀರುಹಕ್ಕಿ ಗಣತಿಗೆ ಸೇರಿಕೊಳ್ಳಿ, 1987ರಿಂದ ನಡೆದುಬಂದಿದೆ. ಊರಿನ ಕೆರೆಯ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿ. ನಾಳೆ ಕೆರೆಯ ಮೇಲೆ ರಸ್ತೆ ಬರುತ್ತದೆ ಎಂದಾಗ ಆ ಪಟ್ಟಿ ದಾಖಲೆಯಾಗಿ ನಿಲ್ಲುತ್ತದೆ. ಊರಲ್ಲಿರುವವರಿಗೆ ವಾಟ್ಸ್ಯಾಪಿನಲ್ಲಿ ಉಪದೇಶ ಮಾಡುವುದೊಂದನ್ನು ಬಿಡಿ.

ಸಭೆಯ ನಡಾವಳಿ ಬರೆಯುವುದು ಬೇಸರದ ಕೆಲಸ. ಬರೆಯಲೇಬೇಕೇ?

ಬರೆಯಲೇಬೇಕು. ಅಧಿಕಾರಿಗಳು ಎರಡು ವರ್ಷಕ್ಕೆ ವರ್ಗವಾಗುತ್ತಾರೆ, ಹಿಂದಿನವರು ಒಪ್ಪಿದ್ದನ್ನು ಹೊಸಬರಿಗೆ ತೋರಿಸಲು ಬೇರೆ ಏನೂ ಇರುವುದಿಲ್ಲ. ದಿನಾಂಕ, ಬಂದವರ ಸಹಿ, ಯಾರು ಏನು ಮಾಡಲು ಒಪ್ಪಿದರು, ಯಾವ ತಾರೀಕಿನೊಳಗೆ, ಯಾರಿಗೆ ಏನು ನಷ್ಟವಾಗುತ್ತದೆ ಎಂದು ಹೇಳಿಕೊಂಡರು, ಅದಕ್ಕೆ ಸಭೆ ಏನು ತೀರ್ಮಾನಿಸಿತು, ಇಷ್ಟು ಸಾಕು. ಭಿನ್ನಾಭಿಪ್ರಾಯ ಹೇಳಿದವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಿ. ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು, ತಲುಪಿದ ಬಗ್ಗೆ ಮೊಹರು ಹಾಕಿಸಿಕೊಂಡು ಬನ್ನಿ.